ಪುಟ್ಟಿಗೆ, ನೀರಿನ ಸಾವಿನ ಬಗ್ಗೆ ಒಂದು ಮಾತು

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ಇಲ್ಲಿ ಎಲ್ಲರೂ ಆರಾಮ. ನಿನ್ನ ಚಿಕ್ಕಮ್ಮನ ಮಂಡಿನೋವು ಈಗ ಪರವಾಗಿಲ್ಲ, ಬೆಳಿಗ್ಗೆ ಅವಳೇ ಹಾಲು ತರೋಕೆ ಹೋಗುತ್ತಾಳೆ.

ನೀನು ಮನೆ ಗ್ರೂಪಿಗೆ ಹಾಕಿದ ವಿಡಿಯೋ ಎರಡು ಸಲ ನೋಡಿದೆ. ಲಾಸ್ ಏಂಜಲೀಸ್‌ನಿಂದ ಕ್ಯಾಟಲೀನಾ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ದಡದಲ್ಲಿ ನಿಂತು, ಹಾಲಿವುಡ್ ನಟಿ ನಟಾಲಿ ವುಡ್ ಸತ್ತ ಕಥೆ ಹೇಳಿದ್ದೀಯಲ್ಲ, ಅದು. ಕನ್ನಡ ಚೆನ್ನಾಗಿ ಮಾತಾಡಿದ್ದೀಯಾ. ಆ ನೀರು, ಆ ಗುಡ್ಡ ತೋರಿಸಿದ್ದೂ ಚೆನ್ನಾಗಿದೆ. ಆದರೆ ವಿಡಿಯೋ ಮೇಲೆ ಕೆಂಪು ಅಕ್ಷರದಲ್ಲಿ 'ಕೊಂದಿದ್ದು ಗಂಡನೇ!' ಅಂತ ಹಾಕಿದ್ದೀಯಲ್ಲ, ಅದನ್ನ ನೋಡಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೋಪ ಇಲ್ಲ ಕಣಮ್ಮ. ಸ್ವಲ್ಪ ಕೂತು ಓದು.

ನಾನು ಠಾಣೆಯಲ್ಲಿ ರೈಟರ್ ಆಗಿ ಎಷ್ಟು ವರ್ಷ ಕೆಲಸ ಮಾಡಿದೆ ಅಂತ ನಿನಗೆ ಗೊತ್ತು. ಕಾವೇರಿ ದಡದ ಠಾಣೆ. ಮಳೆಗಾಲ ಬಂದರೆ ಹೊಳೆ, ಬೇಸಿಗೆ ಬಂದರೆ ನಾಲೆ, ನೀರಿನ ಸಾವು ತಪ್ಪಿದ್ದೇ ಇಲ್ಲ. ಯುಡಿಆರ್ ಅಂತೀವಲ್ಲ, ಅಸಹಜ ಸಾವಿನ ಪ್ರಕರಣ, ಅದರ ಪಂಚನಾಮೆಗಳನ್ನ ನನ್ನ ಕೈಯಲ್ಲೇ ಬರೆದಿದ್ದೇನೆ. ಅಷ್ಟು ಬರೆದವನಿಗೆ ಒಂದು ಗೊತ್ತು. ಚಾಕು ಹಾಕಿದ್ದರೆ ಗಾಯ ಮಾತಾಡುತ್ತೆ, ನೇಣಾದರೆ ಕುತ್ತಿಗೆ ಮಾತಾಡುತ್ತೆ, ನೀರು ಮಾತ್ರ ಏನೂ ಹೇಳಲ್ಲ. ಕಾಲು ಜಾರಿದರೂ, ತಾನೇ ಹಾರಿದರೂ, ಯಾರಾದರೂ ತಳ್ಳಿದರೂ, ಶವಪರೀಕ್ಷೆಯಲ್ಲಿ ಬರೋದು ಒಂದೇ ಮಾತು: ಮುಳುಗಿ ಉಸಿರುಗಟ್ಟಿ ಸಾವು. ನೀರಿಗೆ ಹೇಗೆ ಬಂದರು ಅನ್ನೋದನ್ನ ದಡ ಹೇಳಬೇಕು, ಜೊತೆಗಿದ್ದವರು ಹೇಳಬೇಕು. ಅವರೂ ಹೇಳದಿದ್ದರೆ ಮುಗೀತು.

ನಟಾಲಿ ವುಡ್ ವಿಷಯದಲ್ಲೂ ಆಗಿದ್ದು ಇದೇ ತಾನೇ? ನಿನ್ನ ವಿಡಿಯೋ ನೋಡಿದ ಮೇಲೆ ನಾನೂ ಒಂದು ವಾರ ಕೂತು ಓದಿದೆ. 1981ರ ನವೆಂಬರ್, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. 'ಸ್ಪ್ಲೆಂಡರ್' ಅನ್ನೋ ದೋಣಿಯಲ್ಲಿ ನಾಲ್ಕು ಜನ: ಆಕೆ, ಗಂಡ ರಾಬರ್ಟ್ ವ್ಯಾಗ್ನರ್, ಜೊತೆ ನಟ ಕ್ರಿಸ್ಟೋಫರ್ ವಾಕನ್, ದೋಣಿ ನಡೆಸುವ ಡೆನ್ನಿಸ್ ಡೇವರ್ನ್. ರಾತ್ರಿ ದಡದಲ್ಲಿ ಊಟ, ಕುಡಿತ. ವಾಪಸ್ ಬಂದ ಮೇಲೆ ಗಂಡನಿಗೂ ವಾಕನ್‌ಗೂ ಜಗಳ. ಜಗಳ ಆಗಿದ್ದು ನಿಜ, ಬಾಟಲಿ ಒಡೆದಿದ್ದೂ ನಿಜ ಅಂತ ವ್ಯಾಗ್ನರ್ ತಾವೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆಮೇಲೆ ಆಕೆ ಕಾಣಲಿಲ್ಲ. ಕೋಸ್ಟ್ ಗಾರ್ಡ್‌ಗೆ ತಿಳಿಸೋ ಹೊತ್ತಿಗೆ ಗಂಟೆಗಳೇ ಕಳೆದಿದ್ದವು. 29ರ ಬೆಳಿಗ್ಗೆ ದೋಣಿಯಿಂದ ಸುಮಾರು ಒಂದು ಮೈಲಿ ದೂರದಲ್ಲಿ ಸಿಕ್ಕರು. ರಾತ್ರಿ ಉಡುಪು, ಕಾಲಿಗೆ ಉಣ್ಣೆಯ ಸಾಕ್ಸ್, ಮೇಲೆ ಕೆಂಪು ಜಾಕೆಟ್. 43 ವರ್ಷ.

ನೀನು ವಿಡಿಯೋದಲ್ಲಿ ಜಾಸ್ತಿ ಹೊತ್ತು ಮಾತಾಡಿದ್ದು 'ಸ್ಪ್ಲೆಂಡರ್'ಗೆ ಕಟ್ಟಿದ್ದ ಚಿಕ್ಕ ದೋಣಿಯ ಬಗ್ಗೆ. ಅದೂ ಅಲ್ಲೇ ಹತ್ತಿರ ದಡಕ್ಕೆ ಬಂದು ನಿಂತಿತ್ತು, ಕೀ ಆಫ್ ಆಗಿತ್ತು, ಗೇರ್ ನ್ಯೂಟ್ರಲ್‌ನಲ್ಲಿತ್ತು, ಹುಟ್ಟುಗಳು ಕಟ್ಟಿದ ಹಾಗೇ ಇದ್ದವು. 'ಅಂದಮೇಲೆ ಆಕೆ ಅದನ್ನ ನಡೆಸಲೇ ಇಲ್ಲ, ಅಂದಮೇಲೆ ಯಾರೋ ಬಿಟ್ಟರು' ಅಂದೆ. ಮೊದಲನೇ 'ಅಂದಮೇಲೆ' ಸರಿ. ಎರಡನೇದು ನಿನ್ನ ಸ್ವಂತದ್ದು. ಹಗ್ಗ ಬಿಚ್ಚೋಕೆ ಹೋಗಿ ಜಾರಿದ್ದರೂ ಕೀ ಆಫೇ ಇರುತ್ತೆ ಅಲ್ವಾ? ದೋಣಿ ತಾನಾಗೇ ತೇಲಿಕೊಂಡು ಹೋಗುತ್ತೆ ಅಲ್ವಾ?

ನಾನು ಒಂದು ಜೊತೆ ಚಪ್ಪಲಿ ವಿಷಯ ಹೇಳುತ್ತೇನೆ, ಇದನ್ನ ನಿಮ್ಮಪ್ಪನಿಗೂ ಯಾವತ್ತೂ ಹೇಳಿಲ್ಲ. ನಮ್ಮ ಸರಹದ್ದಿನ ಒಂದು ಹಳ್ಳಿ, ಹೊಳೆ ಮೆಟ್ಟಿಲು. ಮೂವತ್ತು ವರ್ಷದ ಹೆಂಗಸು, ಹಿಂದಿನ ರಾತ್ರಿ ಗಂಡನ ಜೊತೆ ಜಗಳ, ಮಾರನೇ ಬೆಳಿಗ್ಗೆ ಮನೆಯಲ್ಲಿ ಇಲ್ಲ. ಮೂರನೇ ದಿನ ಕೆಳಗಡೆ ಅಣೆಕಟ್ಟೆ ಹತ್ತಿರ ಸಿಕ್ಕಳು. ಮೇಲಿನ ಮೆಟ್ಟಿಲ ಮೇಲೆ ಅವಳ ಹವಾಯಿ ಚಪ್ಪಲಿ. ನೀಲಿ ಪಟ್ಟಿ, ಎಡಗಾಲಿಂದಕ್ಕೆ ಕೆಳಗೆ ಪಿನ್ನು ಹಾಕಿ ರಿಪೇರಿ ಮಾಡಿದ್ದು. ಎರಡೂ ಪಕ್ಕಪಕ್ಕ, ಉಂಗುಟದ ಕಡೆ ಊರಿಗೆ ಮುಖ ಮಾಡಿ, ಜೋಡಿಸಿಟ್ಟ ಹಾಗೆ. ನಾನೇ ಮಹಜರಿನಲ್ಲಿ ಹಾಗಂತ ಬರೆದೆ. ಅಷ್ಟೇ ಸಾಕಾಯಿತು ಊರಿಗೆ. ಜಾರಿ ಬಿದ್ದವಳು ಚಪ್ಪಲಿ ಜೋಡಿಸಿಡುತ್ತಾಳಾ? ಹಾರೋಳು ಹೊಳೆ ಕಡೆ ಮುಖ ಮಾಡಿ ಬಿಡುತ್ತಾಳೆ, ಇದು ಊರ ಕಡೆ ಯಾಕಿದೆ? ತಳ್ಳಿದವನು ಆಮೇಲೆ ತಂದು ಇಟ್ಟಿದ್ದಾನೆ! ಟೀ ಅಂಗಡಿಯಲ್ಲಿ ಇದೇ ಮಾತು. ಪುಟ್ಟಿ, ಆ ಟೀ ಅಂಗಡಿಯಲ್ಲಿ ನಾನೂ ಕೂತಿದ್ದೆ, ಯೂನಿಫಾರ್ಮ್‌ನಲ್ಲಿ. ಯಾರೋ 'ಏನ್ ಸ್ವಾಮಿ ನಿಮಗೇನನ್ಸುತ್ತೆ' ಅಂದಾಗ 'ನೋಡೋಣ, ಚಪ್ಪಲಿ ಇರೋ ರೀತಿ ನೋಡಿದರೆ ಅನುಮಾನ ಬರುತ್ತೆ' ಅಂದುಬಿಟ್ಟೆ. ಪೊಲೀಸಿನವನು ಹೇಳಿದ ಅಂತ ಸಂಜೆ ಹೊತ್ತಿಗೆ ಅದು ಊರೆಲ್ಲ ತಿರುಗಿತ್ತು.

ಒಂದು ತಿಂಗಳಾದ ಮೇಲೆ ಕುರಿ ಕಾಯೋ ಹುಡುಗ ಒಬ್ಬ ಹೆದರುತ್ತಾ ಹೇಳಿದ. ಒಂದು ಚಪ್ಪಲಿ ಮರಳಲ್ಲಿ ಹೂತಿತ್ತಂತೆ, ಇನ್ನೊಂದು ಮೆಟ್ಟಿಲ ಮೇಲೆ. ಯಾರೋ ಬಟ್ಟೆ ಒಗೆಯೋಕೆ ಬಂದವರದ್ದು, ಕಳೆದುಹೋಗುತ್ತೆ ಅಂತ ಅವನೇ ಎತ್ತಿ ಜೋಡಿಸಿಟ್ಟಿದ್ದ. ಅಷ್ಟೇ. ಆ ಹೊತ್ತಿಗೆ ಅವಳ ಗಂಡ ಊರು ಬಿಟ್ಟಿದ್ದ. ಅವನು ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡಿರಲೂಬಹುದು. ನನಗೆ ಇವತ್ತಿಗೂ ಗೊತ್ತಿಲ್ಲ.

ಹತ್ತು ಹನ್ನೆರಡು ವರ್ಷ ಆದ ಮೇಲೆ ಅವಳ ಮಗಳು ಠಾಣೆಗೆ ಬಂದಳು. ಕಾಲೇಜು ಓದೋ ವಯಸ್ಸು. ಹಳೇ ಫೈಲಿನ ನಕಲು ಬೇಕು ಅಂದಳು. ಕೊಡುವಾಗ ಕೇಳಿದಳು, 'ಸರ್, ಅಪ್ಪ ಮಾಡಿದ್ದು ಅಂತ ಇದರಲ್ಲಿ ಇದೆಯಾ?' ಇಲ್ಲಮ್ಮ ಅಂದೆ. 'ಮಾಡಿಲ್ಲ ಅಂತ ಇದೆಯಾ?' ಅದೂ ಇಲ್ಲ ಅಂದೆ. ರೇಷನ್ ಕಾರ್ಡ್ ಇಡುತ್ತಾರಲ್ಲ, ಅಂಥ ಪ್ಲಾಸ್ಟಿಕ್ ಕವರ್ ತಂದಿದ್ದಳು. ಕಾಗದಗಳನ್ನ ಮಡಿಸಿ ಅದರೊಳಗೆ ಇಟ್ಟುಕೊಂಡು ಹೋದಳು. ನನ್ನ ಟೀ ಅಂಗಡಿ ಮಾತು ಅವಳ ಕಿವಿಗೂ ಬಿದ್ದೇ ಇರುತ್ತೆ. ಕೇಳೋ ಧೈರ್ಯ ನನಗಿರಲಿಲ್ಲ.

ನಟಾಲಿ ವುಡ್‌ಗೂ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನತಾಶಾಗೆ ಆಗ 11 ವರ್ಷ, ಚಿಕ್ಕವಳಿಗೆ 7. ಗೆಳತಿ ಮನೆಯಲ್ಲಿ ಮಲಗಿದ್ದ ನತಾಶಾಗೆ ಅಮ್ಮ ಹೋದ ಸುದ್ದಿ ಗೊತ್ತಾಗಿದ್ದು ರೇಡಿಯೋ ಕೇಳಿ. ವ್ಯಾಗ್ನರ್ ಆಕೆಯ ಹೆತ್ತ ತಂದೆ ಅಲ್ಲ, ಸಾಕಿದ ತಂದೆ. 2020ರಲ್ಲಿ ಅಮ್ಮನ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿಸಿ, ಅದರಲ್ಲಿ ಆ ತಂದೆಯನ್ನೇ ಎದುರಿಗೆ ಕೂರಿಸಿಕೊಂಡು ಆ ರಾತ್ರಿಯ ಬಗ್ಗೆ ಕೇಳಿದಳು, ತಂದೆಯ ಪರವಾಗಿ ನಿಂತಳು. ಅದೇ ಮನೆಯಲ್ಲಿ ನಟಾಲಿಯ ತಂಗಿ ಲಾನಾ ಅಷ್ಟೇ ಗಟ್ಟಿಯಾಗಿ ಭಾವನ ಮೇಲೆ ಅನುಮಾನ ಇಟ್ಟುಕೊಂಡಿದ್ದಾರೆ. ಇಬ್ಬರಿಗೂ ಅವರವರ ನೋವು ಇದೆ. ನೀನು ಲಾನಾ ಹೇಳಿದ್ದನ್ನ ಪೂರ್ತಿ ಹಾಕಿದ್ದೀಯಾ, ಮಗಳ ಹೆಸರೇ ಎತ್ತಿಲ್ಲ. ಯಾಕಮ್ಮ?

ಕಾಗದದಲ್ಲಿ ಏನಿದೆ ಅನ್ನೋದನ್ನೂ ನೀನು ಅರ್ಧ ಹೇಳಿದ್ದೀಯಾ. ಮೊದಲು ಕೊರೋನರ್, ಅಂದರೆ ಸಾವಿನ ಕಾರಣ ಪರೀಕ್ಷಿಸೋ ಅಲ್ಲಿನ ಅಧಿಕಾರಿ, ಥಾಮಸ್ ನೊಗುಚಿ ಆಕಸ್ಮಿಕ ಮುಳುಗಡೆ ಅಂದರು, ರಕ್ತದಲ್ಲಿ ಶೇಕಡಾ 0.14ರಷ್ಟು ಮದ್ಯ ಇತ್ತು ಅಂದರು. 30 ವರ್ಷ ಆದ ಮೇಲೆ ಡೇವರ್ನ್, ಆಗ ತಾನು ಪೂರ್ತಿ ನಿಜ ಹೇಳಿರಲಿಲ್ಲ ಅಂದಿದ್ದಕ್ಕೆ 2011ರಲ್ಲಿ ಫೈಲ್ ಮತ್ತೆ ತೆರೆಯಿತು. 2012ರಲ್ಲಿ ಮರಣ ಪ್ರಮಾಣಪತ್ರ ತಿದ್ದಿದರು: ಮುಳುಗಡೆ ಮತ್ತು ನಿರ್ಧರಿಸಲಾಗದ ಇತರ ಕಾರಣಗಳು. ಆಗ ಆ ಕೊರೋನರ್ ಕಚೇರಿಯ ಮುಖ್ಯಸ್ಥರಾಗಿದ್ದವರು ಲಕ್ಷ್ಮಣನ್ ಸತ್ಯವಾಗೀಶ್ವರನ್, ಮದ್ರಾಸಿನಲ್ಲಿ ಡಾಕ್ಟರಿ ಓದಿದವರು. ಮೈಮೇಲಿನ ಕಂದು ಗಾಯಗಳು ನೀರಿಗೆ ಬೀಳೋ ಮುಂಚೆಯೇ ಆಗಿರಬಹುದು ಅಂತ ಅವರ ವರದಿಯಲ್ಲಿದೆ. ನೀನು ಇಲ್ಲಿಗೇ ನಿಲ್ಲಿಸಿದೆ. ಅದೇ ವರದಿ ಮುಂದಕ್ಕೆ, ಉತ್ತರ ಸಿಗದ ಪ್ರಶ್ನೆಗಳಿವೆ, ಹೊಸ ಸಾಕ್ಷ್ಯ ಕಡಿಮೆ, ಆದ್ದರಿಂದ ಸಾವು ಹೇಗಾಯಿತು ಅನ್ನೋದನ್ನ ನಿರ್ಧರಿಸಲಾಗದು ಎಂದೇ ಬಿಡಬೇಕು ಅನ್ನುತ್ತೆ. 2018ರಲ್ಲಿ ಅಲ್ಲಿನ ಶೆರಿಫ್ ಇಲಾಖೆ, ಅಂದರೆ ಅಲ್ಲಿಯ ಪೊಲೀಸ್ ಇಲಾಖೆ, ವ್ಯಾಗ್ನರ್ ಅವರನ್ನ 'ವಿಚಾರಿಸಬೇಕಾದ ವ್ಯಕ್ತಿ' ಅಂತ ಕರೆಯಿತು. ಅದು ಆರೋಪಿ ಅಂದ ಹಾಗಲ್ಲ ಪುಟ್ಟಿ. ಅವರ ಮೇಲೆ ಯಾವ ಕೇಸೂ ಹಾಕಿಲ್ಲ, ತಮ್ಮದೇನೂ ತಪ್ಪಿಲ್ಲ ಅಂತಲೇ ಅವರು ಹೇಳುತ್ತಾ ಬಂದಿದ್ದಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಮ್ಮ, ಅಂದರೆ ನಿನ್ನ ಅಜ್ಜಿ, ಎಷ್ಟು ಸಲ ಹೇಳುತ್ತಿದ್ದರು. ಇಲ್ಲಿ ಪ್ರತ್ಯಕ್ಷ ಕಂಡವರೇ ಇಲ್ಲ.

ಆಕೆಗೆ ಕತ್ತಲ ನೀರು ಅಂದರೆ ಮೊದಲಿಂದ ಭಯ ಅನ್ನೋದನ್ನೂ ಹೇಳಿದ್ದೀಯಾ, ಅದು ನಿಜ. ಆದರೆ ಭಯ ಇದ್ದವರು ನೀರಿಗೆ ಹತ್ತಿರವೇ ಹೋಗಲ್ಲ ಅನ್ನೋದು ನಾನು ಕಂಡ ಹಾಗಿಲ್ಲ. ಈಜು ಬರದವರೇ ಜಾಸ್ತಿ ಸಾಯೋದು. ಮೈಮೇಲೆ ನೀರು ಕುಡಿದ ದಪ್ಪ ಜಾಕೆಟ್, ತಣ್ಣಗಿನ ಸಮುದ್ರ, ಹೊಟ್ಟೆಯಲ್ಲಿ ಮದ್ಯ. ಇಷ್ಟಿದ್ದರೆ ಮತ್ತೆ ದೋಣಿ ಮೇಲೆ ಹತ್ತೋದು ಗಟ್ಟಿ ಆಳಿಗೂ ಕಷ್ಟ.

ಶ್ರೀದೇವಿ ಹೋದಾಗ, 2018ರ ಫೆಬ್ರವರಿಯಲ್ಲಿ, ನೀನಿನ್ನೂ ಇಲ್ಲೇ ಓದುತ್ತಿದ್ದೆ. ಚಿಕ್ಕವರಿದ್ದಾಗ ಕನ್ನಡದಲ್ಲೂ ಮಾಡಿದವರು. ದುಬೈ ಅಧಿಕಾರಿಗಳು, ಪ್ರಜ್ಞೆ ತಪ್ಪಿ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕವಾಗಿ ಮುಳುಗಿ ಸತ್ತರು ಅಂತ ಹೇಳಿ ಫೈಲ್ ಮುಚ್ಚಿದರು. ನಮ್ಮ ಟಿವಿಯವರು ತೊಟ್ಟಿಯ ಚಿತ್ರ ಹಾಕಿಕೊಂಡು ದಿನಗಟ್ಟಲೆ ಕೂತರು. ಆಗ ನೀನೇ ರಿಮೋಟ್ ಎಸೆದು 'ಇವರಿಗೆ ಮನುಷ್ಯತ್ವ ಇಲ್ವಾ, ಆ ಮಕ್ಕಳು ಇದನ್ನ ನೋಡಲ್ವಾ' ಅಂತ ಕಣ್ಣೀರು ಹಾಕಿದ್ದೆ. ನನಗೆ ಚೆನ್ನಾಗಿ ನೆನಪಿದೆ, ರಿಮೋಟಿನ ಹಿಂದಿನ ಮುಚ್ಚಳ ಸೋಫಾ ಕೆಳಗೆ ಹೋಗಿ ಎರಡು ದಿನ ಸಿಗಲಿಲ್ಲ.

ಈ ಕಥೆ ಹೇಳಬೇಡ ಅಂತ ನಾನು ಅನ್ನಲ್ಲ. ಹೇಳು. ಜೊತೆಗಿದ್ದವರ ಮಾತು ಬದಲಾಗಿದೆ, ಕೋಸ್ಟ್ ಗಾರ್ಡ್ ಕರೆಯೋಕೆ ತಡ ಆಯಿತು, ಅದನ್ನೆಲ್ಲ ಕೇಳೋದು ತಪ್ಪಲ್ಲ, ಕೇಳಲೇಬೇಕು. ಸತ್ತವಳಿಗೂ ನ್ಯಾಯ ಬೇಕು. ಆದರೆ ಕೇಳೋದು ಬೇರೆ, ತೀರ್ಪು ಕೊಡೋದು ಬೇರೆ. ಆ ಕೆಂಪು ಅಕ್ಷರ ತೆಗೆ. ವರದಿಯ ಎರಡನೇ ಭಾಗ ಸೇರಿಸು. ಮಗಳು ಏನು ಹೇಳುತ್ತಾಳೆ ಅನ್ನೋದಕ್ಕೆ ಎರಡು ನಿಮಿಷ ಕೊಡು. ನೋಡೋರು ಕಡಿಮೆ ಆಗಬಹುದು, ಗೊತ್ತು.

ತಿದ್ದಿದ ಮೇಲೆ ನನಗೊಬ್ಬನಿಗೇ ಮೊದಲು ಕಳಿಸು, ನೋಡುತ್ತೇನೆ. ನಮ್ಮ ಕಡೆ ಹೇಗೆ ಪಂಚನಾಮೆ ಬರೆಯುತ್ತಾರೆ ಅಂತ ಕೇಳಬೇಕು ಅಂದಿದ್ದೆಯಲ್ಲ, ಭಾನುವಾರ ನಿನ್ನ ರಾತ್ರಿ ಹೊತ್ತಿಗೆ ಫೋನ್ ಮಾಡು, ಎಲ್ಲಾ ಹೇಳುತ್ತೇನೆ. ಆ ಚಪ್ಪಲಿ ವಿಷಯ ವಿಡಿಯೋದಲ್ಲಿ ಹಾಕಬೇಡ. ಆ ಹುಡುಗಿ ಎಲ್ಲೋ ಇದ್ದಾಳೆ.

ಇಂತಿ,
ನಿನ್ನ ಚಿಕ್ಕಪ್ಪ