ಜೀಪಿನ ಡ್ರೈವರ್ ಸಂಬಳ ಯಾವ ಖಾತೆಗೆ?

ಹೋದ ತಿಂಗಳು ಅಮೆರಿಕದಲ್ಲಿರುವ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಓಡಾಡಿತು. ಇಂಥ ದೊಡ್ಡ ಸೇವಾ ಸಂಸ್ಥೆಯ ಮುಖ್ಯಸ್ಥರಿಗೆ ಇಷ್ಟು ಲಕ್ಷ ಡಾಲರ್ ಸಂಬಳ, ಅಂಥದ್ದಕ್ಕೆ ಅಷ್ಟು, ಇವರಿಗೆಲ್ಲ ಒಂದು ಪೈಸೆಯೂ ಕೊಡಬೇಡಿ ಅಂತ. ಇಂಥ ಪಟ್ಟಿಗಳು ಎಷ್ಟೋ ವರ್ಷದಿಂದ ಸುತ್ತುತ್ತಲೇ ಇವೆ. ಅಂಕಿ ಯಾವ ವರ್ಷದ್ದು, ಎಲ್ಲಿಂದ ತಂದದ್ದು, ಯಾರೂ ಬರೆದಿರುವುದಿಲ್ಲ. ಅದು ಬಂದ ಎರಡೇ ದಿನಕ್ಕೆ ಮೂವರು ಸದಸ್ಯರು ನನಗೆ ಫೋನ್ ಮಾಡಿದರು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಸಂಸ್ಥೆಗೆ ನಾವು ಈ ವರ್ಷ ಹಣ ಕೂಡಿಸುತ್ತಿದ್ದೇವಲ್ಲ, ಅದರ ಬಗ್ಗೆ. ಮೂವರದ್ದೂ ಒಂದೇ ಪ್ರಶ್ನೆ: "ನಾವು ಕೊಡುವ ನೂರು ಡಾಲರ್‌ನಲ್ಲಿ ಆಫೀಸ್ ಖರ್ಚಿಗೆ ಎಷ್ಟು ಹೋಗುತ್ತೆ? ನಡೆಸುವವರಿಗೆ ಸಂಬಳ ಎಷ್ಟು?"

ಕೇಳಿದ್ದು ಒಳ್ಳೆಯದೇ ಆಯಿತು. ಕಷ್ಟಪಟ್ಟು ದುಡಿದ ಹಣ, ಕೇಳಲೇಬೇಕು. ಆದರೆ ಉತ್ತರ ಹೇಳುವ ಮೊದಲು, ಜನವರಿಯಲ್ಲಿ ಊರಿಗೆ ಹೋದಾಗ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ಸಂಸ್ಥೆಯವರು ಹಾಸಿಗೆ ಹಿಡಿದವರನ್ನು ಅವರ ಮನೆಗೇ ಹೋಗಿ ನೋಡುತ್ತಾರೆ. ಲಕ್ವ ಹೊಡೆದವರು, ಕ್ಯಾನ್ಸರ್ ಕೊನೆ ಹಂತಕ್ಕೆ ಬಂದವರು, ಜಾರಿ ಬಿದ್ದು ಸೊಂಟ ಮುರಿದ ಅಜ್ಜಿಯರು. ಒಬ್ಬರು ನರ್ಸ್, ಒಬ್ಬ ಡ್ರೈವರ್, ಒಂದು ಹಳೆಯ ಜೀಪು. ಒಂದು ದಿನ ನಾನೂ ಅವರ ಜೊತೆ ಹೊರಟೆ. ಬಿದನೂರು ನಗರದಿಂದ ಬೆಳಿಗ್ಗೆ ಎಂಟಕ್ಕೆ ಬಿಟ್ಟೆವು. ನಿಟ್ಟೂರಿನ ಕಡೆ ಡಾಂಬರು ಮುಗಿದು ಮಣ್ಣು ರಸ್ತೆ ಶುರುವಾಯಿತು. ಮಲೆನಾಡಿನ ಮನೆಗಳು ನಿಮಗೆ ಗೊತ್ತೇ ಇದೆ. ಬಯಲುಸೀಮೆಯ ಹಾಗೆ ಒಂದೇ ಕಡೆ ನೂರು ಮನೆ ಸಿಗುವುದಿಲ್ಲ. ಇಲ್ಲೊಂದು ಮನೆ, ಗುಡ್ಡ ಇಳಿದರೆ ಅಲ್ಲೊಂದು ಮನೆ. ನಡುವೆ ತೋಟ, ಗದ್ದೆ, ಹಳ್ಳ, ಕಾಡು. ಸಂಜೆ ಆರರವರೆಗೆ ಸುತ್ತಿದೆವು. ನೋಡಲು ಆದದ್ದು ಐದು ಮನೆ.

ಮೂರನೇ ಮನೆಗೆ ಜೀಪು ಹೋಗುವುದಿಲ್ಲ. ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಡ್ರೈವರ್ ಔಷಧದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಜಗಲಿ ಪಕ್ಕದ ಕೋಣೆಯಲ್ಲಿ ಎಪ್ಪತ್ತು ದಾಟಿದ ಹಿರಿಯರು ಮಲಗಿದ್ದರು. ಸೊಂಟದ ಹಿಂದೆ ದೊಡ್ಡ ಹುಣ್ಣು. ಮನೆಯಲ್ಲಿ ಇದ್ದದ್ದು ಅವರ ಹೆಂಡತಿ ಒಬ್ಬರೇ, ಅವರಿಗೂ ವಯಸ್ಸಾಗಿದೆ, ಗಂಡನನ್ನು ಎತ್ತುವ ಶಕ್ತಿ ಇಲ್ಲ. ಡ್ರೈವರ್ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಬಂದ. ಒಂದು ಕೈ ಭುಜದ ಕೆಳಗೆ, ಇನ್ನೊಂದು ತೊಡೆಯ ಕೆಳಗೆ ಕೊಟ್ಟು ಹಿರಿಯರನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದ. ನರ್ಸ್ ಹಳೆಯ ಬ್ಯಾಂಡೇಜ್ ಬಿಡಿಸಿ, ಹುಣ್ಣು ತೊಳೆದು, ಹೊಸದು ಕಟ್ಟುವವರೆಗೆ ಹಾಗೇ ಹಿಡಿದಿದ್ದ. ಇಪ್ಪತ್ತು ನಿಮಿಷ ಆಗಿರಬಹುದು. ಅಷ್ಟು ಹೊತ್ತೂ ಅವರನ್ನು ಮಾತಿಗೆಳೆಯುತ್ತಲೇ ಇದ್ದ. ಈ ಸಲ ಅಡಿಕೆ ಹೇಗೆ, ಮಂಗನ ಕಾಟ ಕಡಿಮೆ ಆಯ್ತಾ, ಕೊಯ್ಲಿಗೆ ಜನ ಸಿಕ್ಕರಾ. ಹಿರಿಯರು ನರಳುತ್ತಾ ನರಳುತ್ತಾ ಉತ್ತರ ಕೊಡುತ್ತಿದ್ದರು. ಒಮ್ಮೆ ನಕ್ಕರು ಕೂಡ.

ಸಂಜೆ ಆಫೀಸಿನಲ್ಲಿ ಕೂತು ಲೆಕ್ಕದ ಪುಸ್ತಕ ನೋಡಿದೆ. ನರ್ಸ್ ಸಂಬಳ "ಸೇವೆ" ಖಾತೆಯಲ್ಲಿ ಇತ್ತು. ಡ್ರೈವರ್ ಸಂಬಳ ಡೀಸೆಲ್, ಟಯರ್ ಜೊತೆ "ಆಡಳಿತ" ಖಾತೆಯಲ್ಲಿ ಇತ್ತು.

ಯಾಕೆ ಹೀಗೆ ಅಂತ ಕೇಳಿದೆ. ನಿಯಮ ಹಾಗಿದೆ, ಅನುಮಾನ ಇದ್ದಾಗ ಆಡಳಿತಕ್ಕೇ ಹಾಕಿ ಅಂತ ಆಡಿಟರ್ ಹೇಳಿದ್ದಾರೆ, ಅಂದರು. ಇಲ್ಲಿಗೆ ಬಂದ ಮೇಲೆ ಆ ನಿಯಮವನ್ನು ನಾನೇ ಓದಿದೆ. ಹೊರದೇಶದ ದೇಣಿಗೆಗೆ ಭಾರತದಲ್ಲಿ 2010ರ ಕಾಯ್ದೆ ಇದೆ, ಎಫ್‌ಸಿಆರ್‌ಎ ಅಂತ ಎಲ್ಲರೂ ಕರೆಯುವುದು. ಅದರ ನಿಯಮದಲ್ಲಿ ಆಸ್ಪತ್ರೆಯ ಡಾಕ್ಟರ್, ಶಾಲೆಯ ಮೇಷ್ಟ್ರು ಇವರ ಸಂಬಳ ಆಡಳಿತದ ಖರ್ಚಲ್ಲ. ಆದರೆ ವಾಹನ ಓಡಿಸುವ, ರಿಪೇರಿ ಮಾಡಿಸುವ ಖರ್ಚು ಆಡಳಿತದ್ದು. ಲೆಕ್ಕ ಇಡುವ, ವರದಿ ಬರೆದು ಕಳಿಸುವ ಖರ್ಚೂ ಆಡಳಿತದ್ದೇ. ಮೊದಲು ಇಂಥ ಖರ್ಚು ಹೊರದೇಶದ ದೇಣಿಗೆಯ ಅರ್ಧದವರೆಗೆ ಇರಬಹುದಿತ್ತು. 2020ರ ತಿದ್ದುಪಡಿ ಅದನ್ನು ನೂರಕ್ಕೆ 20ಕ್ಕೆ ಇಳಿಸಿತು.

ಈಗ ಯೋಚನೆ ಮಾಡಿ. ಬಯಲಿನಲ್ಲಿ ಇದೇ ಕೆಲಸ ಮಾಡುವ ನರ್ಸ್ ಒಂದು ಬೀದಿಯಲ್ಲಿ ನಡೆದುಕೊಂಡೇ ಐದು ಮನೆ ಮುಗಿಸಬಹುದು. ಅವರ ಲೆಕ್ಕದಲ್ಲಿ ಜೀಪೇ ಇರುವುದಿಲ್ಲ. ಶೇಕಡಾವಾರು ನೋಡಿ ಹಣ ಕೊಡುವವರ ಕಣ್ಣಿಗೆ ಆ ಸಂಸ್ಥೆ ಚೊಕ್ಕ, ನಮ್ಮ ಹೊಸನಗರದ್ದು ದುಂದು. ಹಾಗೆ ಆರಿಸುತ್ತಾ ಹೋದರೆ ರಸ್ತೆ ಚೆನ್ನಾಗಿರುವ ಕಡೆಗೇ ಹಣ ಹೋಗುತ್ತದೆ. ಹಳ್ಳದ ಆಚೆಯ ಒಂಟಿ ಮನೆಗೆ ಯಾರು ಹೋಗಬೇಕು? ನನ್ನನ್ನು ಕಾಡಿದ್ದು ಈ ಮಾತು. ಇಂಥ ಒಂಟಿ ಮನೆಯಲ್ಲೇ ಅಲ್ವಾ ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಇವತ್ತೂ ಇರುವುದು?

ದೀಪಾವಳಿ ಕಾರ್ಯಕ್ರಮದಲ್ಲಿ ಆ ದಿನದ ಫೋಟೋ ತೋರಿಸಿದ್ದೆ. ಮುಗಿಯುತ್ತಿದ್ದ ಹಾಗೆ ಇಬ್ಬರು ಬಂದು ಕಾಲುಸಂಕವನ್ನು ಸಿಮೆಂಟಿನಲ್ಲಿ ಕಟ್ಟಿಸಿಕೊಡುತ್ತೇವೆ ಅಂದರು. ಒಬ್ಬರು ಗಾಲಿಕುರ್ಚಿ, ಇನ್ನೊಬ್ಬರು ಗಾಳಿ ತುಂಬುವ ಹಾಸಿಗೆ. ಮನಸ್ಸು ತುಂಬಿ ಬಂತು. ಡ್ರೈವರ್ ಸಂಬಳ ಕೊಡುತ್ತೇನೆ ಅಂದವರು ಒಬ್ಬರೂ ಇಲ್ಲ. ಯಾರನ್ನೂ ದೂರುತ್ತಿಲ್ಲ. ಸಂಕ ಕಣ್ಣಿಗೆ ಕಾಣುತ್ತದೆ, ಸಂಬಳ ಕಾಣುವುದಿಲ್ಲ. ಆದರೆ ನಮ್ಮ ತೋಟದ ವಿಷಯದಲ್ಲಿ ನಾವು ಹೀಗೆ ಲೆಕ್ಕ ಹಾಕುತ್ತೇವಾ? ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತ ತಂದದ್ದು, ಸುಣ್ಣ ತಂದದ್ದು ಮಾತ್ರ ತೋಟದ ಖರ್ಚು, ಮರ ಹತ್ತುವ ಕೊನೆಗೌಡನ ಕೂಲಿ ಆಡಳಿತದ ಖರ್ಚು ಅಂತ ನಮ್ಮೂರಲ್ಲಿ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಅವನು ಹೊತ್ತಿಗೆ ಸರಿಯಾಗಿ ಬರದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಡ್ರಮ್ಮಿನಲ್ಲಿ ಮದ್ದು ಎಷ್ಟಿದ್ದರೇನು?

ಆಫೀಸ್ ಖರ್ಚೇ ಇಲ್ಲದ ಸಂಸ್ಥೆಯ ಕಥೆಯನ್ನೂ ಹೇಳಬೇಕು. ಹಳೆಯ ಸದಸ್ಯರಿಗೆ ನೆನಪಿರಬಹುದು. ಕೆಲವು ವರ್ಷದ ಹಿಂದೆ ಮಲೆನಾಡಿನ ಇನ್ನೊಂದು ತಾಲೂಕಿನ ಸಣ್ಣ ಟ್ರಸ್ಟ್‌ಗೆ ಹಣ ಎತ್ತಿದ್ದೆವು. ಮಕ್ಕಳ ಹಾಸ್ಟೆಲ್ ನಡೆಸುತ್ತಿದ್ದರು. ಸ್ಥಾಪಿಸಿದವರೇ ಅಡಿಗೆ ಸಾಮಾನು ತರುತ್ತಿದ್ದರು, ಅವರೇ ಪಾಠ ಹೇಳುತ್ತಿದ್ದರು, ರಾತ್ರಿ ಕೂತು ಲೆಕ್ಕವನ್ನೂ ಅವರೇ ಬರೆಯುತ್ತಿದ್ದರು. "ಒಂದು ರೂಪಾಯಿಯೂ ಆಫೀಸ್ ಖರ್ಚಿಗೆ ಹೋಗುವುದಿಲ್ಲ" ಅಂತ ಇದೇ ಸುದ್ದಿಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆವು. ಹೊರದೇಶದ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಐದು ವರ್ಷಕ್ಕೆ ಮುಗಿಯುತ್ತದೆ, ಅದಕ್ಕೆ ಮುಂಚೆಯೇ ಅರ್ಜಿ ಹಾಕಿ ಹೊಸದು ಮಾಡಿಸಿಕೊಳ್ಳಬೇಕು. ಆ ತಾರೀಖು ದಾಟಿ ಹೋಯಿತು. ಅವರಿಗೆ ಆಗ ಹುಷಾರಿರಲಿಲ್ಲ, ನೆನಪಿಸುವವರು ಬೇರೆ ಯಾರೂ ಇರಲಿಲ್ಲ. ನಮ್ಮ ಹಣ ಕಳಿಸಲಾಗದೆ ಇಲ್ಲೇ ಉಳಿಯಿತು. ಆ ಮಳೆಗಾಲ ಹಾಸ್ಟೆಲ್‌ನ ಅಕ್ಕಿ ಬೇಳೆ ಅಂಗಡಿಯ ಸಾಲದ ಪುಸ್ತಕದಲ್ಲಿ ಬಂತು. ಒಬ್ಬ ಗುಮಾಸ್ತರಿಗೆ ತಿಂಗಳ ಸಂಬಳ ಕೊಟ್ಟಿದ್ದರೆ ಸಾಕಿತ್ತು. ಅವರು ಇಟ್ಟುಕೊಳ್ಳಲಿಲ್ಲ, ಯಾಕೆಂದರೆ ಗುಮಾಸ್ತರಿಲ್ಲ ಅಂತಲೇ ನಾವು ಅವರನ್ನು ಮೆಚ್ಚಿಕೊಂಡಿದ್ದೆವು. ಆ ದಪ್ಪಕ್ಷರ ನೆನಪಾದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಅಮೆರಿಕದಲ್ಲೂ ಇದರ ಅರಿವು ಬಂದಿದೆ. ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ಈ ಮೂರೂ ದಾನ ಕೊಡುವವರಿಗೆ ಸಂಸ್ಥೆಗಳ ವಿವರ ಕೊಡುವಂಥವು. 2013ರಲ್ಲಿ ಇವುಗಳ ಮುಖ್ಯಸ್ಥರು ಸೇರಿ ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಡಳಿತದ ಖರ್ಚಿನ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ, ಕೆಲಸದ ಫಲ ನೋಡಿ, ಅನ್ನುವುದು ಅದರ ಸಾರ.

ಹಾಗಾದರೆ ಸಂಬಳ ನೋಡಲೇಬಾರದಾ? ನೋಡಬೇಕು ಅನ್ನುವವನು ನಾನು. ಇಲ್ಲಿ ನೋಡುವುದು ಸುಲಭ ಕೂಡ. ದೊಡ್ಡ ಸೇವಾ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ 990 ಅನ್ನುವ ಫಾರಂ ಕೊಡುತ್ತವೆ. ಮುಖ್ಯಸ್ಥರ ಹೆಸರು, ಸಂಬಳ ಎಲ್ಲ ಅದರಲ್ಲಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ವಾಟ್ಸಾಪ್ ಪಟ್ಟಿ ಬಂದರೆ ಸುಮ್ನೆ ಮುಂದಕ್ಕೆ ಕಳಿಸುವ ಬದಲು ಆ ಫಾರಂ ತೆರೆದು ನೋಡಿ, ಹತ್ತು ನಿಮಿಷದ ಕೆಲಸ. ಹತ್ತು ಲಕ್ಷ ಡಾಲರ್ ದಾಟಿದ ಸಂಬಳವಾದರೆ, ದಾಟಿದ ಭಾಗಕ್ಕೆ ಸಂಸ್ಥೆಯೇ ನೂರಕ್ಕೆ 21 ತೆರಿಗೆ ಕಟ್ಟಬೇಕು ಅಂತ 2017ರಲ್ಲಿ ಕಾನೂನು ಆಗಿದೆ. ಸಾವಿರಾರು ನೌಕರರಿರುವ ಆಸ್ಪತ್ರೆ ನಡೆಸುವವರಿಗೆ ದೊಡ್ಡ ಸಂಬಳ ಇದ್ದರೆ ನನಗೆ ಆಶ್ಚರ್ಯವಿಲ್ಲ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಟ್ರಸ್ಟಿಗಳೆಲ್ಲ ಒಂದೇ ಮನೆಯವರು, ಸಂಬಳ ತೆಗೆದುಕೊಳ್ಳುವವರೂ ಅದೇ ಮನೆಯವರು, ಕೇಳಿದರೆ ಕಾಗದ ತೋರಿಸುವುದಿಲ್ಲ, ಅಂಥಲ್ಲಿ. ಭಾರತದ ತೆರಿಗೆ ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ಟ್ರಸ್ಟಿಗಳಿಗೆ, ಅವರ ಬಂಧುಗಳಿಗೆ ನ್ಯಾಯಕ್ಕಿಂತ ಜಾಸ್ತಿ ಸಂಬಳ ಕೊಟ್ಟರೆ ಆ ಹಣದ ತೆರಿಗೆ ವಿನಾಯಿತಿಗೇ ಕುತ್ತು.

ನಾನು ಮಾಡುವುದು ಇಷ್ಟು. ಮುಖ್ಯಸ್ಥರ ಸಂಬಳದ ಪಕ್ಕದಲ್ಲಿ, ಮನೆ ಬಾಗಿಲಿಗೆ ಹೋಗಿ ಕೆಲಸ ಮಾಡುವವರ ಸಂಬಳ ಬರೆದು ನೋಡುತ್ತೇನೆ. ಹೊಸನಗರದಲ್ಲೂ ಬರೆದು ನೋಡಿದೆ. ನಡೆಸುವವರು ತೆಗೆದುಕೊಳ್ಳುವುದು ನರ್ಸ್ ಸಂಬಳದ ಒಂದೂವರೆ ಪಟ್ಟು. ಇಬ್ಬರದ್ದೂ ಕಡಿಮೆ. ಹಾಗಂತ ಅವರಿಗೇ ಹೇಳಿದೆ. ಎರಡು ವರ್ಷದಲ್ಲಿ ಮೂವರು ನರ್ಸ್ ಕೆಲಸ ಬಿಟ್ಟು ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಿದ್ದಾರೆ. ಪ್ರತಿ ಸಲವೂ ಹೊಸಬರು ಬಂದು ಮನೆ ಮನೆಯ ದಾರಿ ಕಲಿಯಬೇಕು, ರೋಗಿಯ ಮೈ ಮುಟ್ಟುವಷ್ಟು ನಂಬಿಕೆ ಗಳಿಸಬೇಕು. ದಾರಿ ತೋರಿಸುವವನು ಅದೇ ಡ್ರೈವರ್. ಅವನಿಗೆ ಎಲ್ಲ ಮನೆಯೂ ಗೊತ್ತು, ಯಾವ ಮನೆಯ ನಾಯಿ ಕಚ್ಚುತ್ತದೆ ಅನ್ನುವುದೂ ಗೊತ್ತು.

ಈಗ ನನ್ನ ಸಲಹೆ. ನಮ್ಮ ಸಂಘ ಅಮೆರಿಕದಲ್ಲಿ ನೋಂದಣಿಯಾದದ್ದು. ಹಾಗಾಗಿ ನಾವು ಕಳಿಸುವ ಹಣ ಹೊರದೇಶದ ದೇಣಿಗೆ, ಅದಕ್ಕೆ ನೂರಕ್ಕೆ 20ರ ಮಿತಿ ಇದ್ದೇ ಇದೆ. ಆ ಹಣ ನರ್ಸ್ ಸಂಬಳಕ್ಕೆ, ಔಷಧಕ್ಕೆ ಹೋಗಲಿ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ನೇರವಾಗಿ ಕೊಟ್ಟರೆ ಅದು ಹೊರದೇಶದ ದೇಣಿಗೆ ಆಗುವುದಿಲ್ಲ, ಆ ಮಿತಿಯೂ ಇಲ್ಲ. ಇಲ್ಲಿನ ಪೌರತ್ವ ತೆಗೆದುಕೊಂಡವರಿಗೆ, ಓಸಿಐ ಕಾರ್ಡ್ (ಹೊರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವುದು) ಇದ್ದರೂ, ಈ ದಾರಿ ಇಲ್ಲ. ನೇರವಾಗಿ ಕೊಟ್ಟದ್ದಕ್ಕೆ ಅಮೆರಿಕದ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ, ಸಂಸ್ಥೆಗೆ ಪಾಸ್‌ಪೋರ್ಟ್ ವಿವರವನ್ನೂ ಕೊಡಬೇಕಾಗುತ್ತದೆ. ಇಷ್ಟಕ್ಕೆ ಒಪ್ಪುವ ಹತ್ತು ಹನ್ನೆರಡು ಮನೆಯವರು ಸೇರಿ ಡ್ರೈವರ್ ಸಂಬಳ, ಅರ್ಧ ದಿನದ ಗುಮಾಸ್ತರ ಸಂಬಳ, ಜೀಪಿನ ಖರ್ಚು ಎರಡು ವರ್ಷ ಹೊತ್ತುಕೊಳ್ಳೋಣ ಅಂತ ನನ್ನ ಆಸೆ. ನಾನು ನನ್ನ ಹೆಸರು ಮೊದಲು ಬರೆದಿದ್ದೇನೆ.

ಇದರಿಂದ ಉಳಿದವರ ಕೈಯೂ ಬಿಚ್ಚುತ್ತದೆ ಅನ್ನುವ ನಂಬಿಕೆ ನನಗಿದೆ. ಅರ್ಥಶಾಸ್ತ್ರಜ್ಞ ಊರಿ ಗ್ನೀಜಿ ಮತ್ತು ಜೊತೆಗಾರರು 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ದರು. ಸುಮಾರು 40,000 ಜನರಿಗೆ ದಾನ ಕೇಳಿ ಪತ್ರ ಹೋಯಿತು. ಆಡಳಿತದ ಖರ್ಚನ್ನು ಬೇರೊಬ್ಬ ದಾನಿ ಆಗಲೇ ಕೊಟ್ಟಾಗಿದೆ ಅಂತ ತಿಳಿಸಿದ ಗುಂಪಿನಿಂದ, ಬರೀ ಪತ್ರ ಹೋದ ಗುಂಪಿಗಿಂತ ಹೆಚ್ಚು ಕಡಿಮೆ ಮೂರು ಪಟ್ಟು ಹಣ ಬಂತು. ಹಣಕ್ಕೆ ಬಣ್ಣ ಇಲ್ಲ, ಯಾರ ಜೇಬಿನದ್ದು ಯಾವುದಕ್ಕೆ ಹೋದರೂ ಒಟ್ಟು ಲೆಕ್ಕ ಒಂದೇ. ಆದರೂ ಮನುಷ್ಯರ ಮನಸ್ಸು ಹಾಗಿದೆ. ಹಾಗಿದ್ದರೆ ಇರಲಿ. ರೋಗಿಗೆ ಒಳ್ಳೆಯದಾಗುವುದಾದರೆ ಆ ದಾರಿಯಲ್ಲೇ ಹೋಗೋಣ.

ಡಿಸೆಂಬರ್ ಮೊದಲ ಭಾನುವಾರದ ಸಭೆಯಲ್ಲಿ ಈ ವಿಷಯ ಇಡುತ್ತೇನೆ. ಸಂಸ್ಥೆಯ ಎರಡು ವರ್ಷದ ಆಡಿಟ್ ಪ್ರತಿ ನನ್ನ ಹತ್ರ ಇದೆ, ಕೇಳಿದವರಿಗೆ ಕಳಿಸುತ್ತೇನೆ. ಪೂರ್ತಿ ಓದಿ, ಅನುಮಾನ ಇದ್ದರೆ ಸಭೆಯಲ್ಲೇ ಕೇಳಿ, ನಡೆಸುವವರನ್ನು ಫೋನಿನಲ್ಲಿ ಮಾತಾಡಿಸೋಣ. ಕಾಲುಸಂಕಕ್ಕೆ ಮುಂದೆ ಬಂದ ಇಬ್ಬರೂ ದಯವಿಟ್ಟು ಬನ್ನಿ, ಸಂಕ ಖಂಡಿತ ಬೇಕು. ಇನ್ನೊಂದು ಮಾತು, ಜೂನ್ ಮಳೆ ಹಿಡಿಯುವುದರೊಳಗೆ ಜೀಪಿನ ಹಿಂದಿನ ಎರಡು ಟಯರ್ ಬದಲಾಗಬೇಕು. ಆ ದಿನ ಸಂಜೆ ನಾನೇ ಕೈಯಿಟ್ಟು ನೋಡಿದ್ದೇನೆ, ಅಚ್ಚು ಪೂರ್ತಿ ಸವೆದು ನುಣ್ಣಗಾಗಿದೆ.