ಹಸುವಿಗೆ ಗಂಟು ಬಿಚ್ಚಲು ಬರುತ್ತದೆಯೇ?

ಮಾನ್ಯರೇ,

ನಮ್ಮ ಬೀದಿಯಲ್ಲಿ ರಾತ್ರಿ ಉಳಿದ ಅನ್ನ, ಸಾರನ್ನು ಪ್ಲಾಸ್ಟಿಕ್ ಕವರ್‌ಗೆ ಸುರಿದು, ಬಿಗಿಯಾಗಿ ಗಂಟು ಹಾಕಿ ಮೂಲೆಯಲ್ಲಿ ಇಟ್ಟುಬಿಡುತ್ತಾರೆ. ಹಸು ತಿಂದರೆ ಪುಣ್ಯ ಅನ್ನೋ ಸಮಾಧಾನ ಬೇರೆ! ಹಸು ಕವರ್ ಸಮೇತ ನುಂಗುತ್ತದೆ. ಬರೀ ಅನ್ನ ಜಾಸ್ತಿ ತಿಂದರೂ ಅದರ ಹೊಟ್ಟೆ ಕೆಡುತ್ತದೆ.

ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಬೆಳಿಗ್ಗೆ ಚಿತ್ರಾನ್ನ ಆಯ್ತು. ಅಕ್ಕಿ ಹಿಟ್ಟಿಗೆ ಎರಡು ಹಿಡಿ ಅನ್ನ ಕಿವುಚಿ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ತಟ್ಟಿ ನೋಡಿ, ರೊಟ್ಟಿ ಮೆತ್ತಗೆ ಬರುತ್ತದೆ. ರಾತ್ರಿಯಿಡೀ ಹೊರಗಿದ್ದ ಅನ್ನ ಮಾತ್ರ ಬೇಡ. ಅದರಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿ ಮಾಡಿದರೂ ಹೋಗದು. ಅದನ್ನು ಹಸಿ ಕಸಕ್ಕೇ ಹಾಕಿ, ಕವರ್ ಇಲ್ಲದೆ. ಬೀದಿಯಲ್ಲಿ ಗಂಟು ಇಡುವವರಿಗೆ ಪಾಲಿಕೆ ದಂಡ ಹಾಕಲಿ.

– ಒಬ್ಬ ಗೃಹಿಣಿ, ಮೈಸೂರು