ಮ್ಯಾಕ್ರೊ ಬರೆಯುವ ಮುಂಚೆ

ಚಿರಂಜೀವಿ ಅಳಿಯನಿಗೆ,

ವಿಜಯಪುರದಿಂದ ನಿನ್ನ ಮಾಮಾ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಕಳಿಸಿದ ಸ್ಯಾಸ್ (ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್) ಪ್ರೋಗ್ರಾಮ್ ನೋಡಿದೆ. ಬಾದಾಮಿಗೊಂದು, ಮುಧೋಳಕ್ಕೊಂದು, ಹುನಗುಂದಕ್ಕೊಂದು ಮಳೆ ಟೇಬಲ್. ಕೋಡ್ ಒಂದೇ, ತಾಲೂಕಿನ ಹೆಸರಷ್ಟೇ ಬೇರೆ. ಇದನ್ನು ಮ್ಯಾಕ್ರೊ, ಅಂದರೆ ಒಮ್ಮೆ ಬರೆದಿಟ್ಟು ಹೆಸರಷ್ಟೇ ಬದಲಿಸಿ ಮತ್ತೆ ಮತ್ತೆ ಕರೆಯುವ ಕೋಡ್, ಮಾಡುತ್ತೇನೆ ಅಂದಿದ್ದೀ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಇಷ್ಟು ಟೇಬಲ್ ಯಾಕಪ್ಪಾ? ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿಟ್ಟು ತಾಲೂಕಿನ ಹೆಸರಿಗೆ ಅಂತ ಒಂದೇ ಕಾಲಂ ಕೊಡು. ಆ ಕಾಲಂ ಪ್ರಕಾರ ಸಾರ್ಟ್ ಮಾಡಿ, ಗುಂಪುಗುಂಪಾಗಿ ಲೆಕ್ಕ ಹಾಕಿಸುವ ಬೈ ಸ್ಟೇಟ್‌ಮೆಂಟ್ ಹಾಕಿದರೆ ಸರಾಸರಿ ತಾಲೂಕುವಾರು ತಾನೇ ಬರುತ್ತದೆ. ಬೇರೆ ಬೇರೆ ಟೇಬಲ್ ಕೊಡಲೇಬೇಕು ಅಂದರೆ ಮಾತ್ರ ಮ್ಯಾಕ್ರೊ.

ಮ್ಯಾಕ್ರೊಗೆ ನಿನ್ನ ಡೇಟಾ ಕಾಣುವುದಿಲ್ಲ. ಅದು ನಿನ್ನ ಬದಲು ಕೋಡ್ ಟೈಪ್ ಮಾಡಿಕೊಡುತ್ತದೆ, ಅಷ್ಟೇ. ಆ ಕೋಡ್ ಓಡುವುದು ಆಮೇಲೆ. ಅದಕ್ಕೇ ಯಾವ ದಿನ ಮಳೆ ಜಾಸ್ತಿ ಬಂತು ಅಂತ ಮ್ಯಾಕ್ರೊದ %ಇಫ್‌ನಲ್ಲಿ ಕೇಳಬೇಡ, ಅದಕ್ಕೆ ಡೇಟಾವನ್ನು ಸಾಲುಸಾಲಾಗಿ ಓದುವ ಡೇಟಾ ಸ್ಟೆಪ್‌ನ ಸಾದಾ ಇಫ್ ಇದೆ. ಹೊಸಬರು ಎಡವುವುದು ಇಲ್ಲೇ.

ಮೊದಲು ಬಾದಾಮಿಗೆ ಮಾತ್ರ ಸಾದಾ ಕೋಡ್ ಬರೆದು ಸರಿಯಾಗಿ ಓಡಿಸು. ಆಮೇಲೆ ಬದಲಾಗುವ ಜಾಗದಲ್ಲಷ್ಟೇ &ತಾಲೂಕು, &ವರ್ಷ ಇಡು. ಮ್ಯಾಕ್ರೊ ಶುರುವಾಗಲು ಮೇಲೆ %ಮ್ಯಾಕ್ರೊ, ಮುಗಿಯಲು ಕೆಳಗೆ %ಮೆಂಡ್. ಪ್ಯಾರಾಮೀಟರನ್ನು (ಮ್ಯಾಕ್ರೊಗೆ ನೀನು ಕೊಡುವ ಬೆಲೆಯನ್ನು) ವರ್ಷ=2023 ಅಂತ ಹೆಸರಿನ ಸಮೇತ ಬರಿ. ಕರೆಯುವಾಗ ಹಿಂದುಮುಂದಾದರೂ ನಡೆಯುತ್ತದೆ, ಬಿಟ್ಟರೆ 2023 ತಾನೇ ಹಿಡಿಯುತ್ತದೆ. ಹೆಸರು ಹೋಲಿಸುವಲ್ಲಿ ಡಬಲ್ ಕೋಟ್ ಹಾಕು. ಸಿಂಗಲ್ ಕೋಟ್ ಒಳಗಿನ & ಹಾಗೇ ಉಳಿಯುತ್ತದೆ, ಅದರ ಜಾಗಕ್ಕೆ ಹೆಸರು ಬರುವುದಿಲ್ಲ. ಎರರ್ ಬರುವುದಿಲ್ಲ, ಟೇಬಲ್ ಮಾತ್ರ ಖಾಲಿ.

ಇನ್ನು ನಮ್ಮ ಕಡೆಯ ಹೆಸರುಗಳದ್ದೇ ಒಂದು ಫಜೀತಿ. ರಬಕವಿ ಬನಹಟ್ಟಿ ಅನ್ನುವುದನ್ನು ಹಾಗೇ ಟೇಬಲ್ ಹೆಸರಿನ ಜಾಗಕ್ಕೆ ಕಳಿಸಿದರೆ, ನಡುವೆ ಖಾಲಿ ಜಾಗ ಇರುವುದರಿಂದ ಸ್ಯಾಸ್ ಸುಮ್ನೆ ಎರಡು ಟೇಬಲ್ ಮಾಡಿಡುತ್ತದೆ, ರಬಕವಿ ಒಂದು, ಬನಹಟ್ಟಿ ಒಂದು! ಟೇಬಲ್ ಹೆಸರಿಗೆ ಬೇರೆ ಪ್ಯಾರಾಮೀಟರ್, ಕಾಲಂನಲ್ಲಿ ಹುಡುಕುವ ಹೆಸರಿಗೆ ಬೇರೆ ಇಡು. ಇನ್ನೊಂದು, ಇಳಕಲ್ ಮೊದಲು ಹುನಗುಂದ ತಾಲೂಕಿನಲ್ಲೇ ಇತ್ತು, ಗುಳೇದಗುಡ್ಡ ಬಾದಾಮಿಯಲ್ಲಿ. ಆಗ ಅವು ಬೇರೆ ತಾಲೂಕು ಆಗಿರಲಿಲ್ಲವಾದ್ದರಿಂದ ಹಳೆಯ ವರ್ಷ ಕೊಟ್ಟು ಇಳಕಲ್ ಕೇಳಿದರೆ ಏನೂ ಬರಲಿಕ್ಕಿಲ್ಲ. ಅದಕ್ಕೆ ಕೋಡ್ ತಿದ್ದುತ್ತಾ ಕೂರಬೇಡ.

ಎಂಪ್ರಿಂಟ್ ಆಪ್ಷನ್ ಹಾಕಿ ಓಡಿಸು. ಮ್ಯಾಕ್ರೊ ಬರೆದ ಕೋಡ್ ಪೂರ್ತಿ ಲಾಗ್‌ನಲ್ಲಿ, ಅಂದರೆ ಸ್ಯಾಸ್ ಏನೇನು ಓಡಿಸಿತು ಅಂತ ಬರೆದಿಡುವ ಜಾಗದಲ್ಲಿ, ಕಾಣುತ್ತದೆ. ಆ ಲಾಗ್ ನನಗೆ ಕಳಿಸು, ರವಿವಾರ ಕೂತು ನೋಡೋಣ.

ನಿನ್ನ ಮಾಮಾ